ಒಂದು ಮೀಟರಿನೊಳಗಿನ ಸಿರಿ

ಸುಮಾರು 205 ಕೋಟಿ ವರ್ಷಗಳ ಹಿಂದೆ ದಕ್ಷಿಣ ಆಫ್ರಿಕಾದ ಬುಷ್‌ವೆಲ್ಡ್ ಪ್ರದೇಶದಲ್ಲಿ ಭೂಗರ್ಭದಿಂದ ಏರಿಬಂದ ಶಿಲಾರಸವು ಭೂತೊಗಟೆಯೊಳಗೆ ಹರಡಿ, ನಿಧಾನವಾಗಿ ತಣಿದು, ಏಳೆಂಟು ಕಿಲೋಮೀಟರ್ ದಪ್ಪದ ಪದರಶಿಲೆಗಳ ರಾಶಿಯಾಯಿತು. ಜಗತ್ತಿಗೆ ತಿಳಿದಿರುವ ಪ್ಲಾಟಿನಂ ಸಂಪತ್ತಿನ ಬಹುಪಾಲು ಇಲ್ಲಿಯೇ ಇದ್ದರೂ, ಅದರ ಹೆಚ್ಚಿನ ಅಂಶ ಬಹಳ ಕಡೆ ಒಂದು ಮೀಟರಿನಷ್ಟೂ ದಪ್ಪವಿಲ್ಲದ ಕೆಲವೇ ಪದರಗಳಲ್ಲಿ ಅಡಗಿದೆ.

ಅವುಗಳಲ್ಲಿ ಹೆಸರಾದದ್ದು ಮೆರೆನ್ಸ್ಕಿ ರೀಫ್. 1924ರಲ್ಲಿ ಮಾಂಡಾಗ್ಸ್‌ಹೂಕ್ ಜಮೀನಿನ ರೈತ ಆಂಡ್ರೀಸ್ ಲೊಂಬಾರ್ಡ್ ಅವರು ಬತ್ತಿದ ಹಳ್ಳದ ಮರಳನ್ನು ಜಾಲಿಸಿದಾಗ ತಳದಲ್ಲಿ ಉಳಿದ ಭಾರವಾದ ಕಣಗಳನ್ನು ಜೋಹಾನ್ಸ್‌ಬರ್ಗ್‌ನ ಭೂವಿಜ್ಞಾನಿ ಹ್ಯಾನ್ಸ್ ಮೆರೆನ್ಸ್ಕಿ ಅವರಿಗೆ ಕಳಿಸಿದರು; ಮೆರೆನ್ಸ್ಕಿಯವರು ಆ ಕಣಗಳ ಮೂಲವನ್ನು ಅರಸುತ್ತ ಹೊರಟು ಅದೇ ವರ್ಷ ಪದರವನ್ನು ಗುರುತಿಸಿದರು. ಪದರಕ್ಕೂ ಮುಂದೆ ಮೆರೆನ್ಸ್ಕಿಯೈಟ್ ಎಂಬ ಖನಿಜಕ್ಕೂ ಅವರ ಹೆಸರೇ ನಿಂತಿತು. ಜಾಡು ಹಿಡಿದ ಶ್ರಮ ಅವರದೇ ಎಂಬುದು ನಿಜ, ಆದರೆ ಮೊದಲ ಕಣಗಳನ್ನು ಕಂಡ ರೈತನಿಗೆ ಚರಿತ್ರೆ ಒಂದೆರಡು ಸಾಲುಗಳಷ್ಟೇ ಜಾಗ ಕೊಟ್ಟಿರುವುದು ನ್ಯಾಯವೆನಿಸದು.

ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಮೊದಲಾದ ಆರು ಲೋಹಗಳ ಗುಂಪು ಮೂಲ ಶಿಲಾರಸದಲ್ಲಿ ನೂರು ಕೋಟಿ ಪಾಲಿಗೆ ಕೆಲವು ಪಾಲಿನಷ್ಟು ಮಾತ್ರ ಇರುತ್ತದೆ. ರಸದಲ್ಲಿ ಕರಗಲಾರದಷ್ಟು ಗಂಧಕ ಸೇರಿದಾಗ, ಕಬ್ಬಿಣ, ನಿಕ್ಕಲ್, ತಾಮ್ರಗಳೊಡನೆ ಕೂಡಿದ ಸಲ್ಫೈಡ್ ದ್ರವವು ಮಜ್ಜಿಗೆಯಿಂದ ಬೆಣ್ಣೆಯಂತೆ ಹನಿಹನಿಯಾಗಿ ಬೇರ್ಪಟ್ಟು, ಬೆಣ್ಣೆಯಂತೆ ತೇಲದೆ ಕೆಳಗಿಳಿಯುತ್ತದೆ. ಪ್ಲಾಟಿನಂಗೆ ಶಿಲಾರಸಕ್ಕಿಂತ ಈ ಹನಿಗಳ ಮೇಲೆ ಸಾವಿರಾರು ಪಟ್ಟು ಹೆಚ್ಚು ಒಲವು. ಹನಿಯೊಂದು ಎಷ್ಟು ಹೆಚ್ಚು ರಸದೊಡನೆ ಬೆರೆಯುವುದೋ ಅಷ್ಟು ಹೆಚ್ಚು ಲೋಹವನ್ನು ಹೀರಿಕೊಳ್ಳುತ್ತದೆ ಎಂಬುದನ್ನು 1979ರಲ್ಲಿ ಭೂವಿಜ್ಞಾನಿಗಳಾದ ಕ್ಯಾಂಪ್‌ಬೆಲ್ ಮತ್ತು ನಾಲ್ಡ್ರೆಟ್ ಅವರು ಗಣಿತದಿಂದ ತೋರಿಸಿದರು. ಇಷ್ಟೆಲ್ಲ ಒಟ್ಟುಗೂಡಿದ ಮೇಲೂ ಒಂದು ಟನ್ ಕಲ್ಲಿನಲ್ಲಿ ಸಿಗುವುದು ಕೆಲವೇ ಗ್ರಾಂ.

ಲೋಹ ಈ ತೆಳು ಪದರವನ್ನು ಸೇರಿದ್ದು ಹೇಗೆ ಎಂಬ ಜಗಳ ಹುಟ್ಟುವುದು ಇಲ್ಲಿಂದ ಮುಂದೆ. ಹೊಸ ರಸ ನುಗ್ಗಿ ಹಳೆಯದರೊಡನೆ ಬೆರೆತು ಹನಿಗಳು ಮೇಲಿನಿಂದ ಇಳಿದವು ಎಂದು ಒಂದು ಪಕ್ಷ ಹೇಳಿದರೆ, ತಣಿಯುತ್ತಿದ್ದ ಕೆಳಗಿನ ಶಿಲೆಗಳಿಂದ ಹೊರಟ ಕ್ಲೋರಿನ್‌ಯುಕ್ತ ಬಿಸಿದ್ರವಗಳೇ ಲೋಹವನ್ನು ಮೇಲಕ್ಕೊಯ್ದವು ಎಂಬುದು ಇನ್ನೊಂದು ಪಕ್ಷ. ಅಷ್ಟು ತೆಳುವಾದ ಪದರವೊಂದು ಬಹುದೂರ ಅಡ್ಡಲಾಗಿ ಹರಡಿದ್ದನ್ನು ವಿವರಿಸುವಲ್ಲಿ ಮೊದಲ ಪಕ್ಷದ ವಾದವೇ ಹೆಚ್ಚು ಗಟ್ಟಿ. ಆದರೆ 2016ರಲ್ಲಿ ಪ್ರಕಟವಾದ ಕಾಲನಿರ್ಣಯಗಳ ಪ್ರಕಾರ ಬುಷ್‌ವೆಲ್ಡ್ ಪದರಗಳು ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ಹುಟ್ಟಿದವಲ್ಲ, ಕೆಲವು ರಸಗಳು ಆಗಲೇ ಇದ್ದ ಶಿಲೆಗಳ ನಡುವೆ ತಡವಾಗಿ ನುಗ್ಗಿದವು. ಆ ಲೆಕ್ಕ ನಿಲ್ಲುವುದಾದರೆ ಎರಡೂ ಪಕ್ಷದವರು ತಮ್ಮ ನಕ್ಷೆಗಳನ್ನು ಮತ್ತೆ ಬಿಡಿಸಬೇಕಾಗುತ್ತದೆ.