ಮರವನ್ನು ಕೊಯ್ಯದ ಬೆಳಕು

ಮರವನ್ನು ಕೊಯ್ಯುವ ಸಾಧನ ಯಾವುದೆಂದು ಕೇಳಿದರೆ ಗರಗಸವೆಂದು ಚಿಕ್ಕ ಮಕ್ಕಳೂ ಹೇಳಿಯಾರು. ಇಂದು ಅದೇ ಕೆಲಸವನ್ನು ಹಲ್ಲಿಲ್ಲದ, ಕಣ್ಣಿಗೂ ಕಾಣದ ಒಂದು ಬೆಳಕಿನ ಕಿರಣವು ಮಾಡುತ್ತಿದೆ. ನಾಮಫಲಕ, ಆಟಿಕೆ, ಮಂಟಪದ ಅಲಂಕಾರ ಮುಂತಾದುವನ್ನು ತೆಳು ಹಲಗೆಯಲ್ಲಿ ಕತ್ತರಿಸುವ ಲೇಸರ್ ಯಂತ್ರಗಳು ನಮ್ಮ ಸಣ್ಣ ಪಟ್ಟಣಗಳಿಗೂ ಬಂದಿವೆ. ಗರಗಸ ಮೊಂಡಾದರೆ ಬಡಗಿಯು ಅದರ ಹಲ್ಲುಗಳನ್ನು ಅರದಿಂದ ಉಜ್ಜಿ ಹರಿತಗೊಳಿಸುತ್ತಾನೆ. ಬೆಳಕೇ ಮೊಂಡಾದರೆ ಮಾಡುವುದೇನು?

ಕುಂದಾಪುರದ ದಕ್ಷಿಣಕ್ಕೆ, ಕೋಟೇಶ್ವರದ ಬಳಿ, ಕಡಲ ತಡಿಯಲ್ಲಿ ಬೀಜಾಡಿ ಎಂಬ ಊರಿದೆ. ಅಲ್ಲಿ ಇಂಥದೊಂದು ಯಂತ್ರವಿದೆಯೆಂದು ಭಾವಿಸೋಣ. ಮಾರ್ಚ್ ತಿಂಗಳಿನಲ್ಲಿ 4 ಮಿಲಿಮೀಟರ್ ದಪ್ಪದ ಪ್ಲೈವುಡ್ಡನ್ನು ಒಂದೇ ಸಲಕ್ಕೆ ಸೀಳುತ್ತಿದ್ದ ಆ ಯಂತ್ರವು ಜುಲೈ ತಿಂಗಳಿನಲ್ಲಿ ಹಲಗೆಯನ್ನು ಅರ್ಧ ಕೊರೆದು, ಅಂಚನ್ನು ಕರಿಗೊಳಿಸಿ, ಅಲ್ಲಿಗೇ ಸೋಲುತ್ತದೆ. ಒಡೆಯನು ಶಕ್ತಿಯನ್ನು ಹೆಚ್ಚಿಸುತ್ತಾನೆ, ವೇಗವನ್ನು ತಗ್ಗಿಸುತ್ತಾನೆ. ಹಲಗೆ ಇನ್ನಷ್ಟು ಸುಡುತ್ತದೆಯೇ ಹೊರತು ತುಂಡಾಗುವುದಿಲ್ಲ. ಗಿರಾಕಿಗೆ ಮಾತು ಕೊಟ್ಟ ದಿನ ಸಮೀಪಿಸಿದೆ; ಬೆಲೆ ಬಾಳುವ ಹೊಸ ಲೇಸರ್ ನಳಿಕೆಯನ್ನು ಕೊಳ್ಳಬೇಕೇ ಎಂಬ ಚಿಂತೆ ಅವನದು. ಮದ್ದಿಗೆ ಹಣ ತೆರುವ ಮೊದಲು ರೋಗ ಯಾವುದೆಂದು ತಿಳಿಯಬೇಡವೇ? ಅದಕ್ಕಾಗಿ ಯಂತ್ರದ ಕೆಲಸವನ್ನು ಮೊದಲು ಅರಿಯೋಣ.

ಪ್ರಪಂಚದ ಮೊದಲನೆಯ ಲೇಸರ್ ಬೆಳಗಿದ್ದು 1960ರಲ್ಲಿ. ಮರ ಕೊಯ್ಯಲು ಇಂದು ಹೆಚ್ಚಾಗಿ ಬಳಸುವ ಇಂಗಾಲದ ಡೈ ಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ನಿರ್ಮಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಜನಿಸಿದ ಕುಮಾರ್ ಪಟೇಲರು. ಗಾಜಿನ ನಳಿಕೆಯೊಂದರಲ್ಲಿ ಇಂಗಾಲದ ಡೈ ಆಕ್ಸೈಡ್, ಸಾರಜನಕ ಮತ್ತು ಹೀಲಿಯಂ ಅನಿಲಗಳ ಮಿಶ್ರಣವಿರುತ್ತದೆ. ವಿದ್ಯುತ್ತಿನಿಂದ ಕೆರಳಿದ ಸಾರಜನಕದ ಅಣುಗಳು ತಮ್ಮ ಶಕ್ತಿಯನ್ನು ಇಂಗಾಲದ ಡೈ ಆಕ್ಸೈಡ್ ಅಣುಗಳಿಗೆ ದಾಟಿಸುತ್ತವೆ. ಇವು ಆ ಶಕ್ತಿಯನ್ನು ಬೆಳಕಾಗಿ ಹೊರಚೆಲ್ಲುತ್ತವೆ. ಆ ಬೆಳಕಿನ ಅಲೆಯುದ್ದ 10.6 ಮೈಕ್ರೋಮೀಟರ್, ಎಂದರೆ ಹಸಿರು ಬೆಳಕಿನದರ ಸುಮಾರು 20ರಷ್ಟು. ಈ ಅವಕೆಂಪು ಕಿರಣವನ್ನು ಮರವು ಚೆನ್ನಾಗಿ ಹೀರುತ್ತದೆ. ಸಾಧಾರಣ ಗಾಜೂ ಅದನ್ನು ಹೀರಿಕೊಳ್ಳುವುದರಿಂದ ಯಂತ್ರದ ಮಸೂರವನ್ನು ಸತುವಿನ ಸೆಲೆನೈಡಿನಿಂದ ಮಾಡುತ್ತಾರೆ.

ಕಿರಣವು ನಳಿಕೆಯಿಂದ ಹೊರಟು, ಕನ್ನಡಿಗಳಲ್ಲಿ ತಿರುಗಿ, ಮಸೂರದ ಮೂಲಕ ಮರವನ್ನು ಸೇರುತ್ತದೆ. 40 ವಾಟ್ ಎಂದರೆ ಒಂದು ಮಂದ ವಿದ್ಯುದ್ದೀಪ ಬಳಸುವ ಶಕ್ತಿ. ಆದರೆ ಅದನ್ನು ಒಂದು ಮಿಲಿಮೀಟರಿನ ಹತ್ತನೆಯ ಒಂದರಷ್ಟು ಅಗಲದ ಚುಕ್ಕಿಯಲ್ಲಿ ಹಿಡಿದಿಟ್ಟರೆ, ಅಲ್ಲಿನ ತೀಕ್ಷ್ಣತೆ ನಡುಹಗಲಿನ ಬಿಸಿಲಿನ ಸುಮಾರು 50 ಲಕ್ಷ ಪಾಲಾಗುತ್ತದೆ. ಕೊಯ್ಯುವ ಗುಟ್ಟು ಶಕ್ತಿಯ ಮೊತ್ತಕ್ಕಿಂತಲೂ ಈ ಸಾಂದ್ರತೆಯಲ್ಲಿದೆ.

ಶಕ್ತಿ ಹೆಚ್ಚಿಸಿದರೂ ಹಲಗೆ ತುಂಡಾಗಲಿಲ್ಲವೇಕೆ ಎಂಬುದು ಈಗ ತಿಳಿಯುತ್ತದೆ. ಮರವು ಸುಮಾರು 300 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಆಸುಪಾಸಿನಲ್ಲಿ ಒಡೆದು ಅನಿಲವೂ ಇದ್ದಿಲೂ ಆಗುತ್ತದೆ. ಇದ್ದಿಲು ಆವಿಯಾಗಬೇಕಾದರೆ 3,500 ಡಿಗ್ರಿಗಿಂತ ಹೆಚ್ಚಿನ ಉಷ್ಣತೆ ಬೇಕು. ಇಲ್ಲವೇ ಗಾಳಿಯ ಆಮ್ಲಜನಕ ಸಿಕ್ಕಿ ಅದು ಉರಿಯಬೇಕು. ಕಿರಣ ಹರಡಿಹೋದಾಗ ಶಾಖವು ಅಕ್ಕಪಕ್ಕಕ್ಕೆ ಹರಿದು ಬರಿಯ ಇದ್ದಿಲನ್ನು ಬೆಳೆಸುತ್ತದೆ. ಹಾಗಾಗಿ ತಪ್ಪನ್ನು ಕ್ರಮವಾಗಿ ಹುಡುಕುವುದೇ ಲೇಸು. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಮೊದಲನೆಯದಾಗಿ, ತಪ್ಪು ಮರದ್ದೋ ಯಂತ್ರದ್ದೋ? ಹಿಂದೆ ಸುಲಭವಾಗಿ ತುಂಡಾಗುತ್ತಿದ್ದ ಅಕ್ರಿಲಿಕ್ ಹಾಳೆಯೊಂದನ್ನು ಹಳೆಯ ವೇಗದಲ್ಲೇ ಕತ್ತರಿಸಿ ನೋಡಬೇಕು. ಅದು ತುಂಡಾದರೆ ಯಂತ್ರ ನಿರಪರಾಧಿ. ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಸಾಪೇಕ್ಷ ಆರ್ದ್ರತೆ ನೂರಕ್ಕೆ 85 ಇದ್ದರೆ, ಬಯಲಲ್ಲಿಟ್ಟ ಮರವು ತನ್ನ ಒಣ ತೂಕದ ನೂರಕ್ಕೆ 17-18ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆರ್ದ್ರತೆ ನೂರಕ್ಕೆ 40 ಇರುವಲ್ಲಿ ಇದು 7-8 ಮಾತ್ರ. ಒಂದು ಗ್ರಾಂ ನೀರನ್ನು ಬಿಸಿಮಾಡಿ ಆವಿಯಾಗಿಸಲು ಸುಮಾರು 2,500 ಜೂಲ್ ಶಕ್ತಿ ಬೇಕು. ಕಿರಣವು ಮರವನ್ನು ಕೊಯ್ಯುವ ಮುನ್ನ ಈ ತೆರಿಗೆಯನ್ನು ತೆರಲೇಬೇಕು. ಹಲಗೆಗಳನ್ನು ಒಣಕೋಣೆಯಲ್ಲಿ ಚಪ್ಪಟೆಯಾಗಿ ಪೇರಿಸಿಡುವುದು ಇದಕ್ಕೆ ಪರಿಹಾರ. ಪ್ಲೈವುಡ್ಡಿನ ಅಂಟನ್ನೂ ವಿಚಾರಿಸಬೇಕು. ನೀರಿಗೆ ಜಗ್ಗದ ಹಲಗೆಗಳಲ್ಲಿ ಬಳಸುವ ಫಿನಾಲ್ ಅಂಟು ಬೇಗ ಕರಿಕಾಗಿ ಕಿರಣವನ್ನು ತಡೆಯುತ್ತದೆ. ದೋಣಿಗೆ ಒಳ್ಳೆಯದಾದ ಹಲಗೆ ಲೇಸರಿಗೂ ಒಳ್ಳೆಯದೆನ್ನುವಂತಿಲ್ಲ.

ಅಕ್ರಿಲಿಕ್ ಕೂಡ ತುಂಡಾಗದಿದ್ದರೆ, ವಿದ್ಯುತ್ ಸಂಪರ್ಕ ತೆಗೆದು ಮಸೂರವನ್ನೂ ಕನ್ನಡಿಗಳನ್ನೂ ನೋಡಬೇಕು. ಹೊಗೆಯ ಜಿಡ್ಡು ಕುಳಿತ ಮಸೂರವು ಕಿರಣವನ್ನು ತಾನೇ ಹೀರಿ, ಬಿಸಿಯಾಗಿ ಒಡೆಯುವುದೂ ಉಂಟು. ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೃದುವಾದ ಒರಸಿನಿಂದ ಹಗುರವಾಗಿ ಒರಸಬೇಕು. ಮಸೂರದ ಬಳಿ ಗಾಳಿಯೂದುವ ನಳಿಗೆ ಕಟ್ಟಿದೆಯೇ ಎಂದೂ ನೋಡಬೇಕು. ಆ ಗಾಳಿಯು ಗೀರಿನೊಳಗಿನ ಹೊಗೆಯನ್ನು ಹೊರದೂಡಿ, ಇದ್ದಿಲನ್ನು ಉರಿಸುತ್ತದೆ.

ಅನಂತರ ಸಂಗಮದೂರದ ಪರೀಕ್ಷೆ. 6 ಮಿಲಿಮೀಟರ್ ಅಗಲದ ಕಿರಣವು 50 ಮಿಲಿಮೀಟರ್ ಸಂಗಮದೂರದ ಮಸೂರವನ್ನು ಹೊಕ್ಕಿದೆಯೆನ್ನೋಣ. ಹಲಗೆಯು ಇರಬೇಕಾದಲ್ಲಿಂದ 2 ಮಿಲಿಮೀಟರ್ ಸರಿದರೆ ಸಾಕು, ಚುಕ್ಕಿಯ ಅಗಲ ಕಾಲು ಮಿಲಿಮೀಟರಾಗಿ, ತೀಕ್ಷ್ಣತೆಯು ಐದಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತೇವಕ್ಕೆ ಬಾಗಿದ ಹಲಗೆಯಲ್ಲಿ ಇಷ್ಟು ವ್ಯತ್ಯಾಸ ಸಹಜ. ಒಂದು ಹಲಗೆಯನ್ನು ಇಳಿಜಾರಾಗಿಟ್ಟು ಅದರ ಮೇಲೆ ಗೆರೆಯೊಂದನ್ನು ಎಳೆಸಿದರೆ, ಗೆರೆ ಅತಿ ಸಣ್ಣದಾದ ಎಡೆಯಲ್ಲಿನ ಎತ್ತರವೇ ಸರಿಯಾದುದು. ಯಂತ್ರದ ಒಂದು ಮೂಲೆಯಲ್ಲಿ ಕೊಯ್ದು ಇನ್ನೊಂದರಲ್ಲಿ ಕೊಯ್ಯದಿದ್ದರೆ ಕನ್ನಡಿಗಳು ಓರೆಯಾಗಿವೆಯೆಂದು ಊಹಿಸಬಹುದು.

ಕೊನೆಗೆ ನಳಿಕೆ. ಅದು ಬಿಸಿಯಾದಷ್ಟೂ ಬೆಳಕು ಕುಗ್ಗುವುದರಿಂದ ಅದರ ಸುತ್ತ ತಣ್ಣೀರನ್ನು ಹರಿಸುತ್ತಾರೆ. ಹಾಗೆಂದು ನೀರನ್ನು 18 ಡಿಗ್ರಿಗೆ ತಣಿಸಿದರೆ ಬೀಜಾಡಿಯಂಥ ಊರಿನಲ್ಲಿ ಬೇರೊಂದು ತೊಡಕು. ಗಾಳಿಯ ಉಷ್ಣತೆ 30 ಡಿಗ್ರಿ, ಆರ್ದ್ರತೆ ನೂರಕ್ಕೆ 80 ಇದ್ದಾಗ 26 ಡಿಗ್ರಿಗಿಂತ ತಣ್ಣಗಿರುವ ವಸ್ತುವಿನ ಮೇಲೆಲ್ಲ ಇಬ್ಬನಿ ಕೂರುತ್ತದೆ. ನಳಿಕೆಯ ಕಿಟಕಿಯ ಮೇಲೆ ಕುಳಿತ ಆ ತೆಳುನೀರು ಕಿರಣವನ್ನು ಅಲ್ಲೇ ನುಂಗುತ್ತದೆ. ಹೆಚ್ಚಿನ ವೋಲ್ಟೇಜಿನ ತಂತಿಗಳ ಬಳಿ ಕಿಡಿ ಹಾರಿಸಲೂಬಹುದು. ಕೋಣೆಯ ಆರ್ದ್ರತೆಯನ್ನು ನೂರಕ್ಕೆ 60ಕ್ಕೆ ಇಳಿಸಿದರೆ ಇಬ್ಬನಿಯ ಅಂಕ 21-22 ಡಿಗ್ರಿಗೆ ಇಳಿಯುವುದರಿಂದ, 23 ಡಿಗ್ರಿಯ ನೀರಿನಿಂದ ಅಪಾಯವಿಲ್ಲ. ಇಷ್ಟೆಲ್ಲ ಸರಿಯಿದ್ದೂ ಮಾಪಕವು ಕಡಿಮೆ ಶಕ್ತಿಯನ್ನೇ ತೋರಿಸಿದರೆ, ಅನಿಲ ಹಳತಾದ ನಳಿಕೆಯನ್ನು ಬದಲಿಸಬೇಕೇ ಎಂದು ಆಗ ಯೋಚಿಸಬಹುದು.

ಒಂದೆರಡು ಎಚ್ಚರಿಕೆಗಳು ಅಗತ್ಯ. ಮುಚ್ಚಳ ತೆರೆದು ಯಂತ್ರವನ್ನು ನಡೆಸಬಾರದು. ಕಾಣದ ಕಿರಣವು ಕಣ್ಣನ್ನು ಸುಟ್ಟೀತು. ಕನ್ನಡಿಗಳ ಹೊಂದಿಕೆ, ವಿದ್ಯುತ್ ಭಾಗಗಳ ದುರಸ್ತಿ ನುರಿತವರ ಕೆಲಸ. ಯಂತ್ರ ನಡೆಯುತ್ತಿರುವಾಗ ಬಿಟ್ಟು ಹೋಗಬಾರದು. ಮರಕ್ಕೆ ಬೆಂಕಿ ಹತ್ತಲು ಗಳಿಗೆ ಸಾಕು.

ನಮ್ಮ ಊಹೆಯ ಒಡೆಯನಿಗೆ ಬೇಕಾದುದು ಬಹುಶಃ ಹೊಸ ನಳಿಕೆಯಲ್ಲ. ಒಣಗಿದ ಹಲಗೆ, ಒರಸಿದ ಮಸೂರ ಮತ್ತು ಇಬ್ಬನಿ ಕೂರದ ಕಿಟಕಿ. ಮಾರ್ಚ್ ತಿಂಗಳಿಗೂ ಜುಲೈ ತಿಂಗಳಿಗೂ ನಡುವೆ ಬದಲಾದುದು ಏನೆಂದು ಅವನು ಮೊದಲು ಕೇಳಿಕೊಂಡಿದ್ದರೆ, ಗಾಳಿಯಲ್ಲಿನ ನೀರು ಎಂಬ ಉತ್ತರವು ಕಿಟಕಿಯ ಹೊರಗೇ ಸುರಿಯುತ್ತಿತ್ತು.