ತಗ್ಗಿದ ಗಾಡಿ ದಾರಿ ತಪ್ಪುವುದೇಕೆ?

ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯ ತೇರನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ದೊಡ್ಡ ತೇರುಗಳ ಗಾಲಿಗಳು ಮುಂದಕ್ಕೆ ಉರುಳುತ್ತವೆಯೇ ಹೊರತು ಎಡಕ್ಕಾಗಲಿ ಬಲಕ್ಕಾಗಲಿ ಹೊರಳುವುದಿಲ್ಲ. ತೇರು ಪಕ್ಕಕ್ಕೆ ಸರಿದರೆ ಗಾಲಿಗೆ ಮರದ ಬೆಣೆ ಕೊಟ್ಟು ದಾರಿಗೆ ತರುತ್ತಾರೆ. ಎತ್ತಿನ ಬಂಡಿಯಲ್ಲಿ ಎತ್ತುಗಳು ತಿರುಗಿದ ಕಡೆಗೆ ಇಡೀ ಬಂಡಿಯೇ ತಿರುಗುತ್ತದೆ. ಆದರೆ ಕಾರು, ಜೀಪುಗಳಲ್ಲಿ ಮುಂದಿನ ಎರಡು ಗಾಲಿಗಳು ಮಾತ್ರ ಹೊರಳಿ ಇಡೀ ಗಾಡಿಗೆ ದಾರಿ ತೋರಿಸುತ್ತವೆ. ಈ ಕೆಲಸ ಮಾಡಿಸುವ ಏರ್ಪಾಡೇ ಸ್ಟೀರಿಂಗ್.

ಬಳ್ಳಾರಿಯಂಥ ನಗರಗಳಲ್ಲಿ ಚೆಂದಕ್ಕೆಂದು ನೆಲಕ್ಕೆ ತಾಗುವಷ್ಟು ತಗ್ಗಿಸಿದ ಕಾರುಗಳು ಆಗೊಮ್ಮೆ ಈಗೊಮ್ಮೆ ಕಾಣಸಿಗುತ್ತವೆ. ಕೆಲವರು ಸ್ಪ್ರಿಂಗನ್ನೇ ಕತ್ತರಿಸಿ ಗಾಡಿಯನ್ನು ತಗ್ಗಿಸುತ್ತಾರೆ. ಸಿರುಗುಪ್ಪದಂಥ ಭತ್ತದ ನಾಡಿನಲ್ಲಿ ಸುಗ್ಗಿ ಬಂದರೆ ಮಿತಿಮೀರಿ ಮೂಟೆ ಹೇರಿದ ಗಾಡಿ ತಾನಾಗಿಯೇ ತಗ್ಗುತ್ತದೆ. ಎರಡೂ ಕಡೆ ಚಾಲಕರ ದೂರು ಒಂದೇ: “ಸ್ಟೀರಿಂಗ್ ಎಳೀತದೆ, ಹಳ್ಳಕ್ಕೆ ಬಿದ್ದರೆ ಕೈಗೇ ಸಿಗೋದಿಲ್ಲ.” ಹೀಗೇಕಾಗುತ್ತದೆ?

ಒಳಗೇನಿದೆ?

ಚಾಲಕ ಸ್ಟೀರಿಂಗ್ ಚಕ್ರವನ್ನು ತಿರುಗಿಸಿದಾಗ ಅದರ ದಂಡದ ತುದಿಯ ಹಲ್ಲುಗಾಲಿ ತಿರುಗುತ್ತದೆ. ಅದು ಒಂದು ಹಲ್ಲುಪಟ್ಟಿಯನ್ನು ಎಡಕ್ಕೆ ಅಥವಾ ಬಲಕ್ಕೆ ಸರಿಸುತ್ತದೆ. ಪಟ್ಟಿಯ ಎರಡೂ ತುದಿಗೆ ಒಂದೊಂದು ಕಬ್ಬಿಣದ ಸರಳಿದೆ. ಇದೇ ಟೈ ರಾಡ್. ಅದು ಗಾಲಿಯನ್ನು ತಳ್ಳಿ ಅಥವಾ ಎಳೆದು ಹೊರಳಿಸುತ್ತದೆ. ಇದಲ್ಲದೆ ಪ್ರತಿ ಗಾಲಿಯನ್ನು ಗಾಡಿಯ ಒಡಲಿಗೆ ಸೇರಿಸುವ ಇನ್ನೊಂದು ತೋಳಿದೆ. ಇದನ್ನು ಗಾಲಿಯ ತೋಳು ಎಂದು ಕರೆಯೋಣ. ಗಾಲಿ ಮೇಲೆ ಕೆಳಗೆ ಆಡುವಾಗ ತೋಳು, ಸರಳು ಎರಡೂ ಬಾಗಿಲಿನಂತೆ ತಮ್ಮ ಒಳತುದಿಯ ಸುತ್ತ ಆಡುತ್ತವೆ.

ಮಾಡಿ ನೋಡಿ

30 ಸೆಂ.ಮೀ. ಮತ್ತು 25 ಸೆಂ.ಮೀ. ಉದ್ದದ ಎರಡು ರಟ್ಟಿನ ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಉದ್ದದ್ದು ಟೈ ರಾಡ್, ಗಿಡ್ಡದ್ದು ಗಾಲಿಯ ತೋಳು ಎಂದುಕೊಳ್ಳಿ. ಪ್ರತಿ ಪಟ್ಟಿಯ ಒಂದು ತುದಿಯನ್ನು ಹಲಗೆಗೆ ಗುಂಡುಸೂಜಿಯಿಂದ ಚುಚ್ಚಿ ಅಡ್ಡಲಾಗಿ ಹಿಡಿಯಿರಿ. ಈಗ ಇನ್ನೊಂದು ತುದಿಯನ್ನು 5 ಸೆಂ.ಮೀ. ಮೇಲೆತ್ತಿ. ಗಾಡಿಯ ಒಡಲು 5 ಸೆಂ.ಮೀ. ತಗ್ಗಿದಾಗ ಆಗುವುದೂ ಇದೇ. ಗಾಲಿ ನೆಲದ ಮೇಲೆಯೇ ಇರುತ್ತದೆ, ಒಡಲು ಕೆಳಗಿಳಿಯುತ್ತದೆ. ಒಡಲಿನಿಂದ ನೋಡಿದರೆ ಗಾಲಿ ಮೇಲೆ ಬಂದಂತಾಯಿತು.

ಸೂಜಿಯಿಂದ ತುದಿಯವರೆಗಿನ ಅಡ್ಡ ದೂರವನ್ನು ಅಳೆಯಿರಿ. ಉದ್ದ ಪಟ್ಟಿಯಲ್ಲಿ ಅದು ಸುಮಾರು 4 ಮಿ.ಮೀ. ಕಡಿಮೆಯಾಗಿರುತ್ತದೆ. ಗಿಡ್ಡ ಪಟ್ಟಿಯಲ್ಲಿ ಸುಮಾರು 5 ಮಿ.ಮೀ. ಕಡಿಮೆ. ಪೈಥಾಗೊರಸ್ ಪ್ರಮೇಯ ಕಲಿತವರು ಲೆಕ್ಕ ಮಾಡಿಯೂ ಇದನ್ನು ಕಂಡುಕೊಳ್ಳಬಹುದು. ಎರಡರ ನಡುವಿನ ವ್ಯತ್ಯಾಸ ಸುಮಾರು 1 ಮಿ.ಮೀ.

ಅಂದರೆ ತೋಳು ಗಾಲಿಯನ್ನು 5 ಮಿ.ಮೀ. ಒಳಕ್ಕೆ ಎಳೆಯಿತು, ಸರಳು 4 ಮಿ.ಮೀ. ಮಾತ್ರ ಎಳೆಯಿತು. ಉಳಿದ 1 ಮಿ.ಮೀ.ನಷ್ಟು ಗಾಲಿ ಹೊರಳಿತು. ಸ್ಟೀರಿಂಗ್ ಚಕ್ರವನ್ನು ಯಾರೂ ಮುಟ್ಟಲೇ ಇಲ್ಲ!

ಒಂದು ಮಿಲಿಮೀಟರು ಏನು ಮಾಡೀತು?

ಸರಳು ಗಾಲಿಯನ್ನು ಹಿಡಿದಿರುವ ಜಾಗ, ಗಾಲಿ ಹೊರಳುವ ಕೀಲಿನಿಂದ 10 ಸೆಂ.ಮೀ. ದೂರವಿದೆ ಎನ್ನೋಣ. 10 ಸೆಂ.ಮೀ.ಗೆ 1 ಮಿ.ಮೀ. ಎಂದರೆ ನೂರಕ್ಕೆ ಒಂದು. ಗಾಲಿ 100 ಮೀಟರ್ ಉರುಳುವಾಗ 1 ಮೀಟರ್‌ನಷ್ಟು ಅಡ್ಡಲಾಗಿ ಉಜ್ಜಿಕೊಳ್ಳಬೇಕು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುಮಾರು 55 ಕಿ.ಮೀ. ಅಲ್ಲಿಗೆ ಹೋಗುವಷ್ಟರಲ್ಲಿ ಟೈರು 550 ಮೀಟರ್ ಉಜ್ಜಿದಂತಾಯಿತು! ಟೈರಿನ ಒಂದು ಅಂಚು ಬೇಗ ಬೋಳಾಗುವ ಗುಟ್ಟು ಇದು.

ಎರಡೂ ಕಡೆ ಸಮನಾಗಿ ತಗ್ಗಿದ್ದರೆ ಗಾಡಿ ನೇರವಾಗಿಯೇ ಹೋದೀತು. ಆದರೆ ಒಂದೇ ಗಾಲಿ ಹಳ್ಳಕ್ಕೆ ಬಿದ್ದರೆ, ಅದೊಂದೇ ಹೊರಳಿ ಗಾಡಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಎದುರಿಗೆ ಬಸ್ ಬರುತ್ತಿದ್ದರೆ ಏನಾದೀತು, ಯೋಚಿಸಿ.

ಕಾಯಿಲೆ ಗುರುತಿಸುವ ಕ್ರಮ

ವೈದ್ಯರು ನಾಡಿ ನೋಡದೆ ಔಷಧ ಕೊಡುವುದಿಲ್ಲ. ಒಳ್ಳೆಯ ಮೆಕ್ಯಾನಿಕ್ ಕೂಡ ಸುಲಭದ ಪರೀಕ್ಷೆಯಿಂದಲೇ ಆರಂಭಿಸುತ್ತಾರೆ.

1. ಗಾಳಿ: ಮುಂದಿನ ಒಂದು ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಗಾಡಿ ಆ ಕಡೆಗೇ ಎಳೆಯುತ್ತದೆ. ಮೊದಲು ಇದನ್ನು ಸರಿಪಡಿಸಬೇಕು.

2. ಎತ್ತರ: ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎರಡೂ ಕಡೆಯ ಮಡ್‌ಗಾರ್ಡ್ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪಿನಿಂದ ಅಳೆಯಬೇಕು. ಎತ್ತರ ಬೇರೆಯಾಗಿದ್ದರೆ ಒಂದು ಕಡೆಯ ಸ್ಪ್ರಿಂಗ್ ಸೋತಿರಬಹುದು.

3. ಟೈರಿನ ಸವೆತ: ಒಳ ಅಂಚು ಮಾತ್ರ ಸವೆದಿದೆಯೋ, ಹೊರ ಅಂಚು ಮಾತ್ರವೋ? ಸವೆದ ಗುರುತು ಗಾಲಿ ಯಾವ ಕಡೆ ಓರೆಯಾಗಿದೆ ಎಂಬುದಕ್ಕೆ ಸುಳಿವು.

4. ಸಡಿಲ: ಗಾಡಿಯನ್ನು ಭದ್ರವಾಗಿ ಎತ್ತಿ ನಿಲ್ಲಿಸಿ ಗಾಲಿಯನ್ನು ಅಲುಗಾಡಿಸಿ ನೋಡುತ್ತಾರೆ. ಟಕ್ ಟಕ್ ಎಂದರೆ ಯಾವುದೋ ಕೀಲು ಸವೆದಿದೆ. ಇದು ಮೆಕ್ಯಾನಿಕ್ ಮಾಡುವ ಕೆಲಸ. ಎತ್ತಿ ನಿಲ್ಲಿಸಿದ ಗಾಡಿಯ ಕೆಳಗೆ ಮಕ್ಕಳು ಹೋಗಬಾರದು.

5. ರಸ್ತೆ: ನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಉಬ್ಬಿಸಿರುತ್ತಾರೆ. ನಾವು ಎಡಗಡೆ ಚಲಿಸುವುದರಿಂದ ಗಾಡಿ ತುಸು ಎಡಕ್ಕೆ ಜಾರುವುದು ಸಹಜ. ಆದ್ದರಿಂದ ಸಮತಟ್ಟಾದ ಜಾಗದಲ್ಲಿ ಓಡಿಸಿಯೇ ತೀರ್ಮಾನಿಸಬೇಕು.

ಇವೆಲ್ಲ ಮುಗಿದ ಮೇಲೆಯೇ ಗಾಲಿಗಳ ಜೋಡಣೆ, ಅಂದರೆ ವೀಲ್ ಅಲೈನ್‌ಮೆಂಟ್. ಸವೆದ ಕೀಲನ್ನು ಹಾಗೇ ಬಿಟ್ಟು ಜೋಡಣೆ ಮಾಡಿಸಿದರೆ ಮತ್ತೆ ತಪ್ಪುತ್ತದೆ, ಹಣ ದಂಡ.

ಅಷ್ಟು ಮಾಡಿದರೆ ಸಾಕೆ?

ಜೋಡಣೆಯಲ್ಲಿ ಟೈ ರಾಡಿನ ಉದ್ದವನ್ನು ತುಸು ಹೆಚ್ಚು ಕಡಿಮೆ ಮಾಡಿ ಗಾಲಿಗಳನ್ನು ನೇರ ಮಾಡುತ್ತಾರೆ. ಇದರಿಂದ ಟೈರಿನ ಸವೆತ ಕಡಿಮೆಯಾಗುತ್ತದೆ. ಆದರೆ ಹಳ್ಳಕ್ಕೆ ಬಿದ್ದಾಗ ಎಳೆಯುವ ತೊಂದರೆ ಹೋಗುವುದಿಲ್ಲ. ಏಕೆ?

ನಿಮ್ಮ ರಟ್ಟಿನ ಪಟ್ಟಿಗಳಿಗೆ ಮರಳಿ ಬನ್ನಿ. ತುದಿಯನ್ನು ಇನ್ನೂ 5 ಸೆಂ.ಮೀ. ಮೇಲೆತ್ತಿ. ಈ ಸಲ ಉದ್ದ ಪಟ್ಟಿಯ ಅಡ್ಡ ದೂರ ಸುಮಾರು 13 ಮಿ.ಮೀ. ಕಡಿಮೆಯಾದರೆ ಗಿಡ್ಡದ್ದರದು ಸುಮಾರು 16 ಮಿ.ಮೀ. ವ್ಯತ್ಯಾಸ 3 ಮಿ.ಮೀ.! ಮೊದಲ 5 ಸೆಂ.ಮೀ.ನಲ್ಲಿ ಆದದ್ದು 1 ಮಿ.ಮೀ. ಮಾತ್ರ. ತಗ್ಗಿದ ಗಾಡಿಯಲ್ಲಿ ತೋಳು, ಸರಳು ಮೊದಲೇ ಓರೆಯಾಗಿ ನಿಂತಿರುತ್ತವೆ. ಹಾಗಾಗಿ ಅದೇ ಹಳ್ಳ, ಅದೇ ಉಬ್ಬು ಗಾಲಿಯನ್ನು ಮೂರು ಪಟ್ಟು ಹೊರಳಿಸುತ್ತದೆ. ನಿಜವಾದ ಗಾಡಿಗಳಲ್ಲಿ ಅಳತೆ ಬೇರೆ ಬೇರೆ ಇರಬಹುದು, ತತ್ವ ಮಾತ್ರ ಇದೇ.

ಆದ್ದರಿಂದ ಸರಿಯಾದ ಪರಿಹಾರ ಎರಡೇ. ಕತ್ತರಿಸಿದ ಸ್ಪ್ರಿಂಗ್ ತೆಗೆದು ಆ ಗಾಡಿಗೆಂದೇ ಮಾಡಿದ ಸ್ಪ್ರಿಂಗ್ ಹಾಕಿಸಿ ಮೊದಲಿನ ಎತ್ತರಕ್ಕೆ ತರುವುದು. ಹೊರೆಯಿಂದ ತಗ್ಗಿದ್ದರೆ ಹೊರೆಯನ್ನು ಮಿತಿಗೆ ಇಳಿಸುವುದು. ಕಾನೂನು ಹೇಳುವುದೂ ಇದನ್ನೇ. 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ನಿಮಗೊಂದು ಕೆಲಸ: ಎರಡೂ ಪಟ್ಟಿಗಳನ್ನು ಸಮ ಉದ್ದಕ್ಕೆ ಕತ್ತರಿಸಿ ಇದೇ ಪ್ರಯೋಗ ಮಾಡಿ. ಆಗ ವ್ಯತ್ಯಾಸ ಎಷ್ಟು ಬರುತ್ತದೆ? ಗಾಡಿಗಳನ್ನು ರೂಪಿಸುವವರು ಸರಳು ಮತ್ತು ತೋಳಿನ ಅಳತೆಗೆ ಅಷ್ಟೊಂದು ತಲೆಕೆಡಿಸಿಕೊಳ್ಳುವುದೇಕೆ? ನಿಮ್ಮ ಉತ್ತರವನ್ನು ತರಗತಿಯಲ್ಲಿ ಚರ್ಚಿಸಿ.