ಇಲಿ ಹಿಡಿಯೋ ನಾಯಿಮರಿ: ಹೊಲಕ್ಕೆ ಯಾವಾಗ ಇಳಿಸೋದು, ಯಾವುದನ್ನ ಇಟ್ಕೊಳ್ಳೋದು?

ಮೂರು ವರ್ಷದ ಹಿಂದೆ, ಬೇಸಿಗೆಯ ಒಂದು ಬೆಳಿಗ್ಗೆ ಮೋಟರ್ ಆನ್ ಮಾಡಿ ತೋಟಕ್ಕೆ ಹೋದರೆ ಟೊಮೆಟೊ ಸಾಲಿನ ನಡುವೆ ಕಾರಂಜಿ ಎದ್ದಿತ್ತು. ಒಂದಲ್ಲ, ನಾಲ್ಕೈದು ಕಡೆ. ಡ್ರಿಪ್ ಪೈಪನ್ನು ಇಲಿ ಕಡಿದು ಹಾಕಿದ್ದವು. ಜಾಯಿನರ್ ಹಾಕಿ ಸರಿಮಾಡಿದೆ. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ಬದುವಿನ ಮೇಲೆ ನಡೆದರೆ ಅಲ್ಲಲ್ಲಿ ಹೊಸ ಮಣ್ಣಿನ ಗುಪ್ಪೆ, ಪಕ್ಕದಲ್ಲೇ ಬಿಲ. ಕಡ್ಲೆಕಾಯಿ ಹಾಕಿದ ಮೇಲೆ ಇವು ಸುಮ್ಮನಿರುತ್ತವಾ ಅಂತ ಆಗಲೇ ಭಯ ಶುರುವಾಯ್ತು.

ನನ್ನದು ಸಾವಯವ ತೋಟ, ಪಾಷಾಣ ಇಡುವ ಹಾಗಿಲ್ಲ. ಬೋನು ಇಟ್ಟೆ, ಮೊದಲ ವಾರ ಬಿದ್ದವು, ಆಮೇಲೆ ಅವುಗಳಿಗೂ ಬುದ್ಧಿ ಬಂತು. ಮನೆಯ ಬೆಕ್ಕು ಸುಂಡಿಲಿ ಹಿಡಿಯುತ್ತೆ, ಹೆಗ್ಗಣ ಕಂಡರೆ ಅದೇ ಮರ ಹತ್ತುತ್ತೆ. ಪಕ್ಕದ ತೋಟದ ಅಜ್ಜನ ಹತ್ತಿರ ಒಂದು ನಾಟಿ ಹೆಣ್ಣುನಾಯಿ ಇತ್ತು. ಮೆದೆ ಕೀಳುವಾಗ, ಬದು ಕಡಿಯುವಾಗ ಅಜ್ಜ ಅದನ್ನು ಕರ್ಕೊಂಡು ಹೋಗೋರು. ಅದು ಹಾಕಿದ ಮರಿಗಳಲ್ಲಿ ಎರಡನ್ನು ನಾನು ತಂದೆ, ಗಂಡು ಕೆಂಚ, ಹೆಣ್ಣು ಬೋರಿ.

ಈ ಕೆಲಸಕ್ಕೆ ಯಾವ ಜಾತಿ ನಾಯಿ ಬೇಕು ಅಂತ ತುಂಬಾ ಜನ ಮೆಸೇಜ್ ಮಾಡ್ತೀರಿ. ರೀಲ್ಸ್‌ನಲ್ಲಿ ಇಲಿ ಹಿಡಿಯುವ ಜಾಕ್ ರಸಲ್ ಟೆರಿಯರ್ ನೋಡಿರ್ತೀರಿ. ಟೆರಿಯರ್ ಎಂಬ ಹೆಸರಿನ ಮೂಲವೇ ನೆಲ, ಮಣ್ಣು. ಬಿಲದೊಳಗಿನ ಪ್ರಾಣಿಯ ಹಿಂದೆ ಹೋಗಲಿ ಎಂದೇ ಇಂಗ್ಲೆಂಡಿನಲ್ಲಿ ತಲೆತಲಾಂತರದಿಂದ ಆರಿಸಿ ಬೆಳೆಸಿದ ನಾಯಿಗಳು ಅವು. ಜಾಕ್ ರಸಲ್ ಅನ್ನೋದು 19ನೇ ಶತಮಾನದಲ್ಲಿ ಡೆವನ್ ಸೀಮೆಯಲ್ಲಿದ್ದ ಒಬ್ಬ ಪಾದ್ರಿಯ ಹೆಸರು. ನಾಯಿ ಒಳ್ಳೆಯದೇ, ಅನುಮಾನ ಇಲ್ಲ. ಆದರೆ ನಮ್ಮ ಬದುವಿನ ಕೆಲಸಕ್ಕೆ ಅಷ್ಟು ದುಡ್ಡು ಕೊಟ್ಟು ತರೋ ಅಗತ್ಯ ನನಗೆ ಕಾಣಲಿಲ್ಲ. ನಮ್ಮ ಮುಧೋಳದ ನಾಯಿಯೂ ಇದಕ್ಕಲ್ಲ. ಅದು ಕಣ್ಣಿಗೆ ಕಂಡದ್ದನ್ನು ಬಯಲಲ್ಲಿ ಓಡಿ ಹಿಡಿಯುವ ನಾಯಿ, ಬಿಲದ ಮುಂದೆ ಅರ್ಧ ಗಂಟೆ ನಿಲ್ಲು ಅಂದರೆ ಅದಕ್ಕೂ ಬೇಜಾರು. ಇಲಿ ಹಿಡಿದು ಗೊತ್ತಿರುವ ತಾಯಿಯ ಮರಿ ನಿಮ್ಮೂರಲ್ಲೇ ಸಿಕ್ಕರೆ ಅದನ್ನೇ ತನ್ನಿ. ತಾಯಿ ಕೆಲಸ ಮಾಡೋದನ್ನ ನೀವೇ ಒಂದು ಸಲ ಕಣ್ಣಾರೆ ನೋಡಿ, ಆಮೇಲೆ ತನ್ನಿ.

ಈಗ ನಾನು ಮಾಡಿದ ತಪ್ಪಿಗೆ ಬರ್ತೀನಿ.

ಕೆಂಚ ಎರಡು ತಿಂಗಳಿಗೇ ಪುಂಡ. ಚಪ್ಪಲಿ, ಪೊರಕೆ, ತೆಂಗಿನ ಗರಿ, ಏನು ಸಿಕ್ಕರೂ ಕಚ್ಚಿ ಅಲ್ಲಾಡಿಸೋನು. ಬೋರಿ ಸಪ್ಪೆ, ಕರೆದರೆ ಬರೋದು, ಇಲ್ಲಾಂದ್ರೆ ಜಗುಲಿ ಕೆಳಗೆ ಮಲಗೋದು. ನವೆಂಬರ್‌ನಲ್ಲಿ ಕಡ್ಲೆಕಾಯಿ ಕೀಳುವಾಗ ಇಬ್ಬರಿಗೂ ಐದು ತಿಂಗಳು. ಬದುವಿನಲ್ಲಿ ಹೆಗ್ಗಣ ಇದೆ ಅಂತ ಆಳುಗಳು ಅಗೆಯೋಕೆ ಶುರು ಮಾಡಿದರು. ಚಿಕ್ಕಪ್ಪನ ಮಗ ಮೊಬೈಲ್ ಹಿಡಿದು, "ಅಕ್ಕಾ, ಕೆಂಚನ್ನ ಬಿಡು, ವಿಡಿಯೋ ಮಾಡ್ತೀನಿ" ಅಂದ. ನನಗೂ ಜಂಬ. ಅಜ್ಜ ಬದು ಮೇಲೆ ಕೂತಿದ್ದರು. "ಬ್ಯಾಡ ಕಣವ್ವಾ, ಇನ್ನೂ ಹಾಲುಹಲ್ಲು ಬಿದ್ದಿಲ್ಲ ಅದುಕ್ಕೆ" ಅಂದರು. ನಾನು ಕೇಳಿಸಿಕೊಂಡರೂ ಬಿಟ್ಟೆ.

ದೊಡ್ಡ ಹೆಗ್ಗಣ ಅಂದ್ರೆ ಇಲಿ ಅಂದ್ಕೋಬೇಡಿ. ಒಂದು ಕೆಜಿ ಹತ್ತಿರ ತೂಗುವವೂ ಇವೆ. ಮೂಲೆಗೆ ಸಿಕ್ಕರೆ ಓಡಲ್ಲ, ಗುರ್ ಅಂತ ತಿರುಗಿ ಬೀಳುತ್ತವೆ. ಕೆಂಚ ನುಗ್ಗಿ ಬಾಯಿ ಹಾಕಿದ, ಹಿಡಿತ ಸಿಗಲಿಲ್ಲ, ಹೆಗ್ಗಣ ಅವನ ಮೇಲ್ದುಟಿಗೆ ಕಚ್ಚಿಕೊಂಡು ನೇತಾಡಿತು. ಆ ಕಿರುಚಾಟ ಇವತ್ತಿಗೂ ಕಿವಿಯಲ್ಲಿದೆ. ಗಾಯ ಎರಡು ವಾರದಲ್ಲಿ ಮಾಯ್ತು. ಪಶು ಆಸ್ಪತ್ರೆಯಲ್ಲಿ ಡಾಕ್ಟರು ಬಾಯಿ ಬಿಡಿಸಿ ತೋರಿಸಿದರು: ಕೋರೆಹಲ್ಲು ಅರ್ಧ ಮಾತ್ರ ಬಂದಿತ್ತು, ಹಳೇ ಹಾಲುಹಲ್ಲು ಪಕ್ಕದಲ್ಲೇ ಅಲ್ಲಾಡ್ತಿತ್ತು. ವಿಡಿಯೋಗೆ ಲೈಕ್ ಚೆನ್ನಾಗೇ ಬಂತು. ಆದರೆ ಆವತ್ತಿನಿಂದ ಕೆಂಚ ಬಿಲದ ಹತ್ತಿರ ಹೋದರೆ ಬಾಲ ಮಡಚಿ ನನ್ನ ಕಾಲ ಹಿಂದೆ ನಿಲ್ಲೋನು. ಈಗ ಮೂರು ವರ್ಷ ದಾಟಿದೆ. ಸುಂಡಿಲಿ ಹಿಡಿಯುತ್ತಾನೆ, ಹೆಗ್ಗಣದ ಸದ್ದು ಕೇಳಿದರೆ ಈಗಲೂ ಹಿಂದೆ ಸರೀತಾನೆ. ತಪ್ಪು ಅವನದಲ್ಲ.

ಅದಕ್ಕೇ ಮೊದಲು ಹಲ್ಲು ನೋಡಿ. ನಾಲ್ಕನೇ ತಿಂಗಳ ಸುಮಾರಿಗೆ ಹಾಲುಹಲ್ಲು ಬೀಳೋಕೆ ಶುರುವಾಗುತ್ತೆ, ಆರು-ಏಳು ತಿಂಗಳಿಗೆ ಪೂರ್ತಿ ಹೊಸ ಹಲ್ಲು ಬರುತ್ತೆ. ಈ ಅವಧಿಯಲ್ಲಿ ವಸಡು ನೋಯುತ್ತೆ, ಹಿಡಿತ ಇರಲ್ಲ. ಹಲ್ಲು ಬಂದ ತಕ್ಷಣ ಸಿದ್ಧ ಅಂತಲೂ ಅಲ್ಲ. ಮೂಳೆ ಬಲಿಯೋಕೆ ಒಂದು ವರ್ಷವಾದರೂ ಬೇಕು, ಮನಸ್ಸು ಬಲಿಯೋಕೆ ಅದಕ್ಕಿಂತ ಜಾಸ್ತಿ. ಟೆರಿಯರ್ ಸಾಕಿ ಪಳಗಿದವರೂ ಒಂದು ವರ್ಷ ತುಂಬೋ ಮುಂಚೆ ಮರಿಯನ್ನ ಗಟ್ಟಿ ಕೆಲಸಕ್ಕೆ ಇಳಿಸೋಕೆ ಹಿಂಜರಿಯುತ್ತಾರೆ. ಆರು ತಿಂಗಳಿಗೇ ಶೂರ ಅನ್ನಿಸಿಕೊಂಡ ಮರಿಯನ್ನ ಇನ್ನಾರು ತಿಂಗಳು ತಡೆದು ನಿಲ್ಲಿಸೋದೇ ಈ ಕೆಲಸದಲ್ಲಿ ಕಷ್ಟದ ಭಾಗ.

ಹಾಗಂತ ಅಲ್ಲಿ ತನಕ ಮರಿಯನ್ನ ಕಟ್ಟಿಹಾಕಿ ಕೂರೋದಲ್ಲ. ಹೆಸರು ಹಿಡಿದು ಕರೆದ ಕೂಡಲೇ ಬರೋದು, "ಬಿಡು" ಅಂದ್ರೆ ಬಾಯಲ್ಲಿರೋದನ್ನ ಬಿಡೋದು, ಇವೆರಡನ್ನು ಮೂರು ತಿಂಗಳಿಂದಲೇ ಕಲಿಸಿ. ಹಗ್ಗ ಕಟ್ಟಿ ದಿನಾ ಬದು ಮೇಲೆ ನಡೆಸಿ, ವಾಸನೆ ನೋಡಲಿ. ಕೋಳಿ, ಕುರಿಮರಿ, ಕರು ಎಲ್ಲದರ ನಡುವೆ ಓಡಾಡಿಸಿ. ಕೋಳಿ ಕಡೆ ಕಿವಿ ನೆಟ್ಟಗೆ ಮಾಡಿ ನೋಡಿದ ಆ ಕ್ಷಣದಲ್ಲೇ ಗದರಬೇಕು, ಬಾಯಿ ಹಾಕಿದ ಮೇಲೆ ಗದರಿದರೆ ತಡವಾಯ್ತು. ಪಳಗಿದ ನಾಯಿ ಕೆಲಸ ಮಾಡುವಾಗ ಸ್ವಲ್ಪ ದೂರದಲ್ಲಿ ಕಟ್ಟಿ ನೋಡೋಕೆ ಬಿಡಿ.

ಬೋರಿ ವಿಷಯ ಹೇಳ್ತೀನಿ. ಕೆಂಚನ ಪಾಠ ಆದ ಮೇಲೆ ಅವಳನ್ನ ನಾನು ಒತ್ತಾಯ ಮಾಡಲಿಲ್ಲ. ಹತ್ತು ತಿಂಗಳಾದರೂ ಅವಳಿಗೆ ಇಲಿಯ ಮೇಲೆ ಆಸಕ್ತಿನೇ ಇರಲಿಲ್ಲ. ಅಮ್ಮ ದಿನಾ, "ಎರಡಕ್ಕೂ ಮುದ್ದೆ ಹಾಕಿ ಹಾಕಿ ದಂಡ, ಯಾರಿಗಾದ್ರೂ ಕೊಟ್ಟುಬಿಡು" ಅನ್ನೋರು. ಒಬ್ಬರು ಕೇಳಿಕೊಂಡು ಬಂದೂ ಇದ್ದರು. ಮಳೆಗಾಲ ಕಳೀಲಿ ಅಂದೆ. ಹದಿಮೂರನೇ ತಿಂಗಳಲ್ಲಿ, ಒಂದು ದಿನ ರಾಗಿಹುಲ್ಲಿನ ಮೆದೆ ಬಿಚ್ಚುತ್ತಿದ್ದೆವು. ಬೋರಿ ಬಂದಳು, ಮೆದೆ ಸುತ್ತ ಒಂದು ಸುತ್ತು ಹಾಕಿದಳು, ಒಂದು ಮೂಲೆಯಲ್ಲಿ ನಿಂತಳು. ಬೊಗಳಲಿಲ್ಲ, ಕೆರೆಯಲಿಲ್ಲ. ತಲೆ ವಾರೆ ಮಾಡಿ, ಒಂದು ಕಾಲು ಎತ್ತಿ, ನಿಂತೇ ಇದ್ದಳು. ಹುಲ್ಲು ಎತ್ತಿದಾಗ ಒಂದು ಹಾರಿತು. ಎರಡು ಸೆಕೆಂಡು ಹಿಡಿಯಲಿಲ್ಲ, ಕತ್ತಿಗೆ ಬಾಯಿ ಹಾಕಿ ಒಂದೇ ಸಲ ಒದರಿ ಕೆಳಗೆ ಹಾಕಿದಳು. ಹಾಕಿ ಮತ್ತೆ ಅದೇ ಜಾಗಕ್ಕೆ ಹೋಗಿ ನಿಂತಳು. ಅಲ್ಲಿ ಇನ್ನೊಂದಿತ್ತು.

ಯಾರೂ ಕಲಿಸಿರಲಿಲ್ಲ. ಹದ ಬಂದಿತ್ತು, ಅಷ್ಟೇ. ಆ ಕೇಳಿ ಬಂದವರಿಗೆ ಕೊಟ್ಟಿದ್ದರೆ ಅಂತ ಈಗಲೂ ಎದೆ ಧಸಕ್ ಅನ್ನುತ್ತೆ. ಹಾಗಾಗಿ ನನ್ನ ಲೆಕ್ಕ ಇದು: ಒಳ್ಳೆ ತಾಯಿಯ ಮರಿಯಾದರೆ ಒಂದೂವರೆ ವರ್ಷ ತುಂಬುವ ತನಕ "ಇದು ಪ್ರಯೋಜನ ಇಲ್ಲ" ಅನ್ನೋ ಮಾತು ಬೇಡ.

ಇನ್ನು ಇಟ್ಟುಕೊಳ್ಳೋ ನಾಯಿ ಯಾವುದು? ಎಷ್ಟು ಇಲಿ ಹಿಡಿಯಿತು ಅಂತ ನಾನು ಎಣಿಸೋದಿಲ್ಲ. ಮೊದಲು ನೋಡೋದು ಸುಳ್ಳು ಹೇಳುತ್ತಾ ಇಲ್ವಾ ಅಂತ. ಬರಿದಾದ ಬಿಲದ ಮುಂದೆ ಕುಣಿದು ಕೆರೆಯುವ ನಾಯಿ ನಿಮ್ಮ ಅರ್ಧ ದಿನದ ಆಳಿನ ಕೂಲಿ ತಿನ್ನುತ್ತೆ. ಇದನ್ನ ಪರೀಕ್ಷೆ ಮಾಡೋದು ಸುಲಭ. ಸಂಜೆ ಒಂದು ಬದುವಿನ ಎಲ್ಲಾ ಬಿಲದ ಬಾಯಿಗಳನ್ನ ಮಣ್ಣು ಹಾಕಿ ಮುಚ್ಚಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅಲ್ಲಿ ಇಲಿ ಇದೆ. ಅದೇ ದಿನ ನಾಯಿಯನ್ನ ಆ ಬದು ಮೇಲೆ ನಡೆಸಿ. ತೆರೆದ ಬಿಲದ ಮುಂದೆ ನಿಂತು, ಮುಚ್ಚೇ ಇರೋದನ್ನ ಮೂಸಿ ಮುಂದೆ ಹೋದರೆ ಅದರ ಮೂಗನ್ನ ನಂಬಬಹುದು. ಆಮೇಲೆ ಪರೀಕ್ಷೆಯನ್ನ ಉಲ್ಟಾ ಮಾಡಿ: ಮೊದಲು ನಾಯಿ ಎಲ್ಲಿ ನಿಂತಿತು ಅಂತ ಗುರುತು ಮಾಡಿ, ಬಿಲ ಮುಚ್ಚಿ, ಮಾರನೇ ದಿನ ಹೋಗಿ ನೋಡಿ. ಬೋರಿ ಒಂದು ಸಲ, ನಾನು ಖಂಡಿತಾ ಇದೆ ಅಂದುಕೊಂಡ ಬಿಲವನ್ನ ತಿರುಗಿ ಸಹ ನೋಡಲಿಲ್ಲ. ನಾನು ಹಠ ಮಾಡಿ ಅಗೆದೆ. ಏನೂ ಇರಲಿಲ್ಲ, ಬೆನ್ನು ನೋವು ಬಂತು.

ಎರಡನೆಯದು, ಹಾವು. ಇಲಿ ಬಿಲದಲ್ಲಿ ಇಲಿಯೇ ಇರಬೇಕು ಅಂತಿಲ್ಲ. ನಾಗರಹಾವು, ಕೊಳಕುಮಂಡಲ ಎರಡೂ ಇರಬಹುದು. ಹಾವು ಕಂಡಾಗ ಹಿಂದೆ ಸರಿದು, ದನಿ ಬದಲಿಸಿ ಬೊಗಳುವ ನಾಯಿ ಬದುಕುತ್ತೆ. ಹಾವಿನ ಮೇಲೂ ಬೀಳುವ ನಾಯಿಯನ್ನ ಜನ ಧೈರ್ಯಶಾಲಿ ಅಂತಾರೆ, ಅದರ ಆಯಸ್ಸು ಕಮ್ಮಿ. ಕರೆದರೆ ಬರೋ ಅಭ್ಯಾಸ ಜೀವ ಉಳಿಸೋದು ಇಲ್ಲೇ. ಕೇರೆಹಾವನ್ನಂತೂ ಕೊಲ್ಲೋಕೆ ಬಿಡಲೇಬೇಡಿ, ನಮಗಿಂತ ಜಾಸ್ತಿ ಇಲಿ ಹಿಡಿಯೋದು ಅದೇ. ಮೊಲ, ಮುಂಗುಸಿ, ಉಡ, ಕಾಡುಹಂದಿಗಳ ಮೇಲೆ ನಾಯಿ ಛೂ ಬಿಡೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಂಥ ವಿಡಿಯೋ ಹಾಕಿದರೆ ಸಾಕ್ಷಿ ನೀವೇ ಒದಗಿಸಿದ ಹಾಗೆ.

ಮೂರನೆಯದರಲ್ಲಿ ನಾನೇ ಸೋತಿದ್ದೀನಿ. ಬೋರಿಗೆ ಜೊತೆ ಇರಲಿ ಅಂತ ಕರಿಯ ಅನ್ನೋನನ್ನ ದೊಡ್ಡವನಾದ ಮೇಲೆ ತಂದೆ. ಇಲಿ ಹಿಡಿಯೋದರಲ್ಲಿ ಬೋರಿಗಿಂತ ಚುರುಕು, ನಾನು ಕಂಡ ನಾಯಿಗಳಲ್ಲೇ ಚುರುಕು. ಆದರೆ ಪಕ್ಕದ ಮನೆಯ ಕೋಳಿ ಎರಡು ಹೋದವು. ದುಡ್ಡು ಕೊಟ್ಟು ಕೈ ಮುಗಿದೆ. ತಿಂಗಳು ಬಿಟ್ಟು ಕುರಿಮಂದೆಯಲ್ಲಿ ಒಂದು ಮರಿಯ ತೊಡೆ ಹರಿದ. "ಇಲಿ ಹಿಡಿಯೋ ನಾಯಿ ಅಂತ ನಮ್ಮ ಬಾಯಿಗೆ ಮಣ್ಣು ಹಾಕ್ತೀಯೇನವ್ವಾ?" ಅಂತ ಕುರಿಯವರು ಕೇಳಿದಾಗ ತಲೆ ಎತ್ತೋಕೆ ಆಗಲಿಲ್ಲ. ಆವತ್ತೇ ಅವನ ಹೊಲದ ಕೆಲಸ ನಿಂತಿತು. ಸಂತೆ ಹತ್ತಿರ ಬಿಟ್ಟು ಬಾ ಅಂತ ಸಲಹೆ ಕೊಟ್ಟವರಿದ್ದರು. ಸಾಕಿದ ಪ್ರಾಣಿಯನ್ನ ಹೀಗೆ ಅನಾಥ ಮಾಡಿ ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಕಾನೂನು ಬಿಡಿ, ಇನ್ನೊಂದೂರಿನ ಕುರಿಯವರಿಗೆ ನನ್ನ ಸಮಸ್ಯೆ ದಾಟಿಸಿದ ಹಾಗಲ್ವಾ? ಸಂತಾನಹರಣ ಚಿಕಿತ್ಸೆ ಮಾಡಿಸಿದೆ. ಹಗಲು ಬೇಲಿಯೊಳಗೆ ಇರ್ತಾನೆ, ರಾತ್ರಿ ಮೋಟರ್ ಮನೆ ಸುತ್ತಲಿನ ಜಾಲರಿಯೊಳಗೆ ಕಾವಲು. ಕೇಬಲ್ ಕಳ್ಳತನ ನಮ್ಮ ಕಡೆ ಜಾಸ್ತಿ, ಅವನ ದನಿಗೆ ಯಾರೂ ಹತ್ತಿರ ಸುಳಿದಿಲ್ಲ. ಕೆಂಚನೂ ಮನೆಯಲ್ಲೇ ಇದ್ದಾನೆ. ಮರಿ ತರೋ ಮುಂಚೆ ಇದನ್ನ ಯೋಚನೆ ಮಾಡಿ: ಕೆಲಸಕ್ಕೆ ಬಾರದೆ ಹೋದರೂ ಹತ್ತು-ಹನ್ನೆರಡು ವರ್ಷ ಊಟ ಹಾಕೋಕೆ ಆಗುತ್ತಾ?

ಔಷಧಿ ವಿಚಾರ ಚುಟುಕಾಗಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ಬೂಸ್ಟರ್, ಪ್ರತಿ ವರ್ಷ ತಪ್ಪದೆ. ಇಲಿ ಹಿಡಿಯೋ ನಾಯಿಗೆ ಇಲಿಜ್ವರದ ಲಸಿಕೆಯೂ ಬೇಕು, ಕೇಳಿ ಹಾಕಿಸಿ. ಇಲಿಜ್ವರ ನಮಗೂ ಬರುತ್ತೆ, ಹಾಗಾಗಿ ಸತ್ತ ಇಲಿಯನ್ನ ಬರಿಗೈಲಿ ಮುಟ್ಟಬೇಡಿ, ಒದ್ದೆ ಬದುವಿನಲ್ಲಿ ಬೂಟು ಹಾಕಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಅಕ್ಕಪಕ್ಕದ ಹೊಲದವರಿಗೆ ಫೋನ್ ಮಾಡಿ ಪಾಷಾಣ ಇಟ್ಟಿದ್ದಾರಾ ಕೇಳಿ. ಬ್ರೊಮಾಡಿಯೋಲೋನ್ ತಿಂದ ಇಲಿ ತಕ್ಷಣ ಸಾಯಲ್ಲ, ಕೆಲವು ದಿನ ತೂಕಡಿಸುತ್ತಾ ಓಡಾಡುತ್ತೆ. ಅದನ್ನ ತಿಂದ ನಾಯಿಗೆ ಒಳಗೇ ರಕ್ತಸ್ರಾವ ಆಗಬಹುದು. ವಸಡು ಬಿಳಿಚಿದರೆ, ಮೂಗಲ್ಲಿ ರಕ್ತ ಕಂಡರೆ ಕಾಯಬೇಡಿ, ವಿಟಮಿನ್ ಕೆ1 ಕೊಟ್ಟು ಉಳಿಸೋಕೆ ಸಾಧ್ಯ ಇದೆ. ಜಿಂಕ್ ಫಾಸ್ಫೈಡ್‌ಗೆ ಆ ಥರದ ಪ್ರತಿಮದ್ದು ಇಲ್ಲ. ನಮ್ಮ ಸುತ್ತಲಿನ ನಾಲ್ಕು ಹೊಲದವರು ಒಂದು ವಾಟ್ಸ್ಯಾಪ್ ಗ್ರೂಪ್ ಮಾಡ್ಕೊಂಡಿದ್ದೀವಿ. ಪಾಷಾಣ ಇಟ್ಟವರು ಅಲ್ಲಿ ಹೇಳ್ತಾರೆ, ನಾನು ಹದಿನೈದು ದಿನ ಆ ಕಡೆ ನಾಯಿ ಬಿಡಲ್ಲ.

ನಾಯಿ ಬಂದ ಮೇಲೆ ಪೈಪ್ ಕಡಿಯೋದು ಪೂರ್ತಿ ನಿಂತಿದೆ ಅಂತ ಹೇಳಲ್ಲ. ದಪ್ಪ ಬದುಗಳನ್ನ ಸಣ್ಣದು ಮಾಡಿದ್ದೀನಿ, ಕಳೆ ತೆಗೀತೀನಿ, ಗೂಬೆ ಕೂರಲಿ ಅಂತ ಹೊಲದಲ್ಲಿ ಅಡ್ಡಕೋಲು ನೆಟ್ಟಿದ್ದೀನಿ. ಇವೆಲ್ಲದರ ಜೊತೆಗೆ ಬೋರಿ.

ಬೋರಿ ಈ ಜೂನ್‌ನಲ್ಲಿ ಮರಿ ಹಾಕಿದಳು. ಒಂದನ್ನ ಇಟ್ಟುಕೊಂಡಿದ್ದೀನಿ, ಈಗ ಐದು ತಿಂಗಳು. ಕಡ್ಲೆಕಾಯಿ ಕೀಳೋದು ಮೊನ್ನೆ ಶುರುವಾಯ್ತು. ಬೋರಿ ಬದು ಮೇಲೆ ನಿಂತಾಗ ಮರಿ ಹುಣಸೆ ಮರದ ಬುಡದಲ್ಲಿ ಹಗ್ಗ ಜಗ್ಗಿ ಜಗ್ಗಿ ಕುಯ್ಯೋ ಅಂತಿತ್ತು. ಚಿಕ್ಕಪ್ಪನ ಮಗ ಮೊಬೈಲ್ ತೆಗೆದು, "ಅಕ್ಕಾ, ಒಂದೇ ಒಂದು ಸಲ" ಅಂದ. ಮರಿಯ ತುಟಿ ಎತ್ತಿ ಅವನಿಗೇ ತೋರಿಸಿದೆ. ಬಲಗಡೆ ಕೋರೆಹಲ್ಲು ಬಿದ್ದು ವಸಡು ಇನ್ನೂ ಕೆಂಪಗಿತ್ತು. ಮೊಬೈಲ್ ಜೇಬಿಗೆ ಹಾಕಿ ಗುದ್ದಲಿ ತಗೊಂಡ.